ದೊಡ್ಡ ಗೇಮನ್ನು ಬೇರೆ ಡ್ರೈವ್‌ಗೆ ಸಾಗಿಸುವುದು: ಹಳೆಯದನ್ನು ಅಳಿಸುವ ಮುಂಚೆ ಇಷ್ಟು ನೋಡಿ

ಚೆಂಬೂರಿನಿಂದ ಮಾತಾಡ್ತಾ ಇದ್ದೀನಿ. ನಡುವೆ ರೈಲಿನ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ. ನಮ್ಮ ಮನೆ ಇರೋದು ತಿಲಕ್ ನಗರದಲ್ಲಿ, ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹತ್ತಿರ. ಕರಾವಳಿ ಕಡೆಯವರಿಗೆ, ಮತ್ಸ್ಯಗಂಧ ಹತ್ತೋ ಸ್ಟೇಷನ್ ಅಂದರೆ ತಕ್ಷಣ ಗೊತ್ತಾಗುತ್ತೆ.

ಇವತ್ತಿನ ವಿಷಯ ಚಿಕ್ಕದು ಅನ್ನಿಸಬಹುದು. ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಗೇಮ್ ಇದೆ, ಸಿ ಡ್ರೈವ್ ತುಂಬಿಹೋಗಿದೆ, ಹೊಸ ಎಸ್‌ಎಸ್‌ಡಿ ತಂದಿದ್ದೀರಿ. ಆ ಗೇಮನ್ನು ಮತ್ತೆ ಡೌನ್‌ಲೋಡ್ ಮಾಡದೆ ಹೊಸ ಡ್ರೈವ್‌ಗೆ ಹೇಗೆ ಕಳಿಸೋದು? ಇಷ್ಟೇ ಪ್ರಶ್ನೆ. ನಾನು ಎಂ.ಟೆಕ್ ಮಾಡಿದವನು, ಆಫೀಸಿನಲ್ಲಿ ಡೇಟಾಬೇಸ್‌ಗಳನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸೋದೇ ನನ್ನ ಕೆಲಸ. ಮನೆಯಲ್ಲಿ ಈ ಕೆಲಸ ಅರ್ಧ ಗಂಟೆಯಲ್ಲಿ ಮುಗಿಸಿದೆ. ಮುಗಿಸಿ, ನಮ್ಮ ಅಪ್ಪನ ಎರಡು ವರ್ಷದ ದುಡಿಮೆ ಕಳೆದೆ.

ಆ ಕಥೆ ಹೇಳ್ತೀನಿ. ಹೇಳ್ತಾ ಹೇಳ್ತಾ ಸರಿಯಾದ ವಿಧಾನವನ್ನೂ ಹೇಳ್ತೀನಿ.

ಎರಡು ಗೇಮ್, ಒಂದು ಲ್ಯಾಪ್‌ಟಾಪ್

ನಮ್ಮ ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಬಸ್ ಡ್ರೈವರ್ ಆಗಿದ್ದವರು. ಹುಬ್ಬಳ್ಳಿ ಡಿಪೋ. ನಿವೃತ್ತಿ ಆದಮೇಲೆ ಅಪ್ಪ, ಅವ್ವ ಇಬ್ಬರೂ ನಮ್ಮ ಜತೆ ಇಲ್ಲಿಗೆ ಬಂದರು. ಮುಂಬಯಿಯ ಟ್ರಾಫಿಕ್ಕಲ್ಲಿ ಗಾಡಿ ಓಡಿಸೋ ಮಾತೇ ಇಲ್ಲ. ಒನ್ ಬಿಎಚ್‌ಕೆ ಮನೆ, ಮಧ್ಯಾಹ್ನ ಹೊತ್ತು ಹೋಗಲ್ಲ. ಒಂದು ದಿನ ನಾನು ಸುಮ್ಮನೆ ಯೂರೋ ಟ್ರಕ್ ಸಿಮ್ಯುಲೇಟರ್ 2 ಹಾಕಿ ಕೂರಿಸಿದೆ. 2012ರಲ್ಲಿ ಬಂದ ಗೇಮ್ ಅದು. ಸರಕು ಹೇರಿಕೊಂಡು ಯೂರೋಪಿನ ಊರಿಂದ ಊರಿಗೆ ಲಾರಿ ಓಡಿಸಬೇಕು, ಬೇಗ ಹೋದರೆ ದಂಡ, ನಿದ್ದೆ ಬಂದರೆ ನಿಲ್ಲಿಸಿ ಮಲಗಬೇಕು. ಅದರಲ್ಲಿ ಬ್ರಿಟನ್ ಕೂಡ ಇದೆ. ಅಲ್ಲಿ ನಮ್ಮ ಹಾಗೆ ಎಡಗಡೆ ಓಡಿಸೋದು. ಅಪ್ಪ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಫೀಸ್ ಮಾಡಿಕೊಂಡರು. ಎರಡು ವರ್ಷದಲ್ಲಿ ಸಾಲ ತೀರಿಸಿ, ಸ್ವಂತ ಲಾರಿ ಕೊಂಡು, ನಾಲ್ಕಾರು ಊರಲ್ಲಿ ಗ್ಯಾರೇಜ್ ಹಾಕಿ, ಡ್ರೈವರ್‌ಗಳನ್ನು ಕೆಲಸಕ್ಕೆ ಇಟ್ಟುಕೊಂಡರು. ಸಂಜೆ ಚಹಾ ಹೊತ್ತಿಗೆ "ಇವತ್ತ ಮ್ಯಾಂಚೆಸ್ಟರ್ ಡ್ಯೂಟಿ ಮುಗಿಸೀನಿ" ಅಂತ ಹೇಳೋರು.

ಅದೇ ಲ್ಯಾಪ್‌ಟಾಪ್‌ನಲ್ಲಿ ನನ್ನ ಗೇಮ್ ಕೂಡ ಇತ್ತು, ರೆಡ್ ಡೆಡ್ ರಿಡೆಂಪ್ಷನ್ 2. ಅದಕ್ಕೆ ಕಂಪನಿಯೇ ಕೇಳೋ ಜಾಗ 150 ಜಿಬಿ. ಲ್ಯಾಪ್‌ಟಾಪ್‌ನದ್ದು 512 ಜಿಬಿ ಎಸ್‌ಎಸ್‌ಡಿ. ಅದು ವಿಂಡೋಸ್‌ನಲ್ಲಿ ಕಾಣೋದು ಸುಮಾರು 476 ಅಂತ. ಯಾರೂ ಮೋಸ ಮಾಡಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ಅದೇ ಲೆಕ್ಕಕ್ಕೆ 1 ಟಿಬಿ ಡ್ರೈವ್ 931 ಅಂತ ತೋರಿಸುತ್ತೆ. ಹೊಸ ಡ್ರೈವ್ ತಂದು ಹಾಕಿದ ಮೇಲೆ ಗಾಬರಿ ಆಗಬೇಡಿ.

ಮತ್ತೆ ಡೌನ್‌ಲೋಡ್ ಮಾಡಿದರೆ ಏನು?

ಸರಿ, ಇದನ್ನು ಕೇಳೋರು ಇದ್ದಾರೆ. ಲೆಕ್ಕ ಹಾಕೋಣ. 150 ಜಿಬಿ, ನಿಮ್ಮ ಮನೆಯ ಕನೆಕ್ಷನ್ 100 ಎಂಬಿಪಿಎಸ್. ಒಂದು ಕ್ಷಣವೂ ವೇಗ ಕಡಿಮೆ ಆಗದೆ ಬಂದರೂ 3 ಗಂಟೆ 20 ನಿಮಿಷ. ನಿಜದಲ್ಲಿ ಇಡೀ ರಾತ್ರಿ. ಪಿಜಿಯಲ್ಲಿ ಇರೋರು, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಇರೋರು, ತಿಂಗಳಿಗೆ ಇಂತಿಷ್ಟೇ ಡೇಟಾ ಅಂತ ಮಿತಿ ಇರೋರು ಇದನ್ನು ಯೋಚಿಸೋದೇ ಬೇಡ.

ಅದೇ 150 ಜಿಬಿಯನ್ನು ಮನೆಯಲ್ಲೇ ಕಾಪಿ ಮಾಡಿದರೆ? ಹಳೆಯ ತಿರುಗೋ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಬರೆಯುತ್ತೆ ಅಂದುಕೊಳ್ಳಿ, 25 ನಿಮಿಷ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿ ಹತ್ತಿರ, 5 ನಿಮಿಷ. ಹಳೆಯ ಯುಎಸ್‌ಬಿ 2 ಪೋರ್ಟ್‌ಗೆ ಸಿಕ್ಕಿಸಿದರೆ ಸೆಕೆಂಡಿಗೆ 35 ಎಂಬಿ ಸಿಕ್ಕರೆ ಪುಣ್ಯ, ಒಂದು ಗಂಟೆ ದಾಟುತ್ತೆ. ಇದು ದೊಡ್ಡ ಫೈಲ್‌ಗಳ ಲೆಕ್ಕ. ಸಾವಿರಾರು ಚಿಕ್ಕ ಫೈಲ್ ಇದ್ದರೆ ಇನ್ನೂ ನಿಧಾನ. ಆದರೂ ಡೌನ್‌ಲೋಡ್‌ಗಿಂತ ಎಷ್ಟೋ ವಾಸಿ.

ಗೇಮ್ ಅಂದರೆ ಒಂದು ಫೋಲ್ಡರ್ ಅಲ್ಲ

ತಪ್ಪು ಶುರುವಾಗೋದು ಇಲ್ಲಿ. ನಾವು ಗೇಮ್ ಅಂದರೆ ಒಂದು ಫೋಲ್ಡರ್ ಅಂದುಕೊಳ್ತೀವಿ. ಮುಂಬಯಿಯಲ್ಲಿ ಬಾಡಿಗೆ ಮನೆಯಲ್ಲಿ ಇರೋ ನಮಗೆ ಇದು ಬೇಗ ಅರ್ಥ ಆಗಬೇಕು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಮುಗಿದು ಮನೆ ಬದಲಿಸ್ತೀವಿ. ಟೆಂಪೋದಲ್ಲಿ ಸಾಮಾನು ಹೋಯಿತು ಅಂದರೆ ಮನೆ ಬದಲಾಯಿಸಿದ ಹಾಗೆ ಆಯಿತಾ? ಗ್ಯಾಸ್, ಬ್ಯಾಂಕ್, ಆಧಾರ್, ಮಕ್ಕಳ ಸ್ಕೂಲು, ಎಲ್ಲಾ ಕಡೆ ವಿಳಾಸ ಬದಲಾಗಬೇಕು. ಅದರ ಮೇಲೆ ಇನ್ನೊಂದಿದೆ: ಪಕ್ಕದ ಮನೆಯವರ ಹತ್ತಿರ ಇಟ್ಟ ಬೀಗದ ಕೈ, ಬ್ಯಾಂಕ್ ಲಾಕರ್‌ನಲ್ಲಿಟ್ಟ ಒಡವೆ. ಅವು ಮನೆಯೊಳಗೆ ಇರಲೇ ಇಲ್ಲ, ಹಾಗಾಗಿ ಟೆಂಪೋಗೂ ಬರಲ್ಲ.

ಗೇಮ್‌ನಲ್ಲೂ ಹೀಗೇ ಮೂರು ಭಾಗ.

ಒಂದು, ಸಾಮಾನು. ಗೇಮ್‌ನ ಫೈಲ್‌ಗಳು. 150 ಜಿಬಿಯಲ್ಲಿ ಹೆಚ್ಚುಕಡಿಮೆ ಎಲ್ಲಾ ಇದೇ. ಹೋದರೂ ಮತ್ತೆ ಸಿಗುತ್ತೆ.

ಎರಡು, ವಿಳಾಸ. ಸ್ಟೀಮ್ ಇರಲಿ, ಎಪಿಕ್ ಇರಲಿ, "ಈ ಗೇಮ್ ಇಂಥ ಡ್ರೈವ್‌ನಲ್ಲಿ ಇಂಥ ಫೋಲ್ಡರ್‌ನಲ್ಲಿದೆ" ಅಂತ ಬರೆದಿಟ್ಟುಕೊಂಡಿರೋ ಚಿಕ್ಕ ಫೈಲ್. ಕೆಲವೇ ಕೆಬಿ. ಇದು ತಪ್ಪಿದರೆ ಲಾಂಚರ್ "ಗೇಮ್ ಇಲ್ಲ, ಇನ್‌ಸ್ಟಾಲ್ ಮಾಡಿ" ಅನ್ನುತ್ತೆ.

ಮೂರು, ನೀವು ಆಡಿದ್ದು. ಸೇವ್ ಫೈಲ್, ಸೆಟ್ಟಿಂಗ್, ಮಾಡ್. ಇದೂ ಚಿಕ್ಕದೇ, ಸಾಮಾನ್ಯವಾಗಿ ಕೆಲವು ಎಂಬಿ. ಬಹಳಷ್ಟು ಸಲ ಗೇಮ್‌ನ ಫೋಲ್ಡರ್‌ನಲ್ಲಿ ಇರೋದೇ ಇಲ್ಲ. ಕಳೆದರೆ ಯಾವ ಅಂಗಡಿಯಲ್ಲೂ ಸಿಗಲ್ಲ.

ಗಾತ್ರ ಎಷ್ಟು ದೊಡ್ಡದೋ ಬೆಲೆ ಅಷ್ಟು ಕಡಿಮೆ, ಗಾತ್ರ ಎಷ್ಟು ಚಿಕ್ಕದೋ ಬೆಲೆ ಅಷ್ಟು ಹೆಚ್ಚು. ಇವತ್ತು ಇದೊಂದು ನೆನಪಿಟ್ಟುಕೊಂಡರೆ ಸಾಕು.

ಕಟ್ ಮಾಡಿ ಪೇಸ್ಟ್ ಮಾಡಬೇಡಿ

ಒಂದೇ ಡ್ರೈವ್‌ನ ಒಳಗೆ 150 ಜಿಬಿ ಫೋಲ್ಡರನ್ನು ಇಲ್ಲಿಂದ ಅಲ್ಲಿಗೆ ಎಳೆದು ನೋಡಿ, ಒಂದು ಸೆಕೆಂಡಲ್ಲಿ ಮುಗಿಯುತ್ತೆ. ಯಾಕೆ? ಒಂದು ಬೈಟ್ ಕೂಡ ಜಾಗ ಬಿಟ್ಟು ಕದಲಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಮಾಸ್ಟರ್ ಫೈಲ್ ಟೇಬಲ್ ಅಂತ ಒಂದು ದಫ್ತರ ಇದೆ. ಯಾವ ಫೈಲ್ ಯಾವ ಫೋಲ್ಡರ್‌ಗೆ ಸೇರಿದ್ದು ಅನ್ನೋದು ಅಲ್ಲಿ ಬದಲಾಯಿತು, ಅಷ್ಟೇ.

ಬೇರೆ ಡ್ರೈವ್‌ಗೆ ಅಂದರೆ ಹಾಗಲ್ಲ. ಅಲ್ಲಿ "ಮೂವ್" ಅನ್ನೋದು ನಿಜವಾಗಿ ಎರಡು ಕೆಲಸ: ಮೊದಲು ಕಾಪಿ, ಆಮೇಲೆ ಡಿಲೀಟ್. ನಡುವೆ ಏನಾದರೂ ನಿಂತರೆ ಯಾವುದು ಇಲ್ಲಿದೆ, ಯಾವುದು ಅಲ್ಲಿದೆ ಅಂತ ನೀವೇ ಹುಡುಕಬೇಕು.

ನಿಲ್ಲೋದು ಹೇಗೆ ಅಂತೀರಾ? ಟ್ರಾಂಬೆಯ ವಿದ್ಯುತ್ ಸ್ಥಾವರ ನಮ್ಮ ಚೆಂಬೂರಿನ ಮಗ್ಗುಲಲ್ಲೇ ಇದೆ, ಇಲ್ಲಿ ಕರೆಂಟ್ ಹೋಗೋದು ಅಪರೂಪ. ನನ್ನ ಕಾಪಿ ನಿಂತಿದ್ದು ಅವ್ವನಿಂದ. ಎಕ್ಸ್‌ಟರ್ನಲ್ ಡ್ರೈವ್‌ನ ಅಡಾಪ್ಟರ್ ಕಿತ್ತು ಮಿಕ್ಸರ್ ಹಾಕಿದ್ದರು. "ಶೇಂಗಾ ಚಟ್ನಿ ಮಾಡಬೇಕಿತ್ತಪಾ, ಎರಡ ನಿಮಿಷ" ಅಂದರು. ಆ ಎರಡು ನಿಮಿಷ ನನಗೆ ಒಂದು ಪಾಠ. ಅಡುಗೆಮನೆಯ ಪ್ಲಗ್ ಬೇಡ, ಲ್ಯಾಪ್‌ಟಾಪ್ ಚಾರ್ಜಿಂಗ್‌ನಲ್ಲಿ ಇರಲಿ, ಸ್ಲೀಪ್ ಮೋಡ್ ಆಫ್ ಇರಲಿ, ಮತ್ತೆ ಯಾವಾಗಲೂ ಕಾಪಿ ಮಾಡಿ, ಕಟ್ ಮಾಡಬೇಡಿ.

ಕೈಯಾರೆ ಕಾಪಿ ಮಾಡೋರಿಗೆ ವಿಂಡೋಸ್‌ನಲ್ಲೇ ರೋಬೋಕಾಪಿ ಅಂತ ಕಮ್ಯಾಂಡ್ ಇದೆ. ಹಳೆಯ ಜಾಗ, ಹೊಸ ಜಾಗ, ಕೊನೆಗೆ ಒಂದು ಓರೆ ಗೆರೆ ಹಾಕಿ ಇ ಅಕ್ಷರ. ಒಳಗಿನ ಫೋಲ್ಡರ್‌ಗಳೂ ಬರುತ್ತವೆ. ನಡುವೆ ನಿಂತರೆ ಅದೇ ಕಮ್ಯಾಂಡ್ ಮತ್ತೆ ಕೊಡಿ. ಗಾತ್ರ, ಸಮಯ ಎರಡೂ ಹೊಂದೋ ಫೈಲ್‌ಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ತರುತ್ತೆ. ಇದರಲ್ಲೇ ಮೂವ್ ಅನ್ನೋ ಆಯ್ಕೆಯೂ ಇದೆ, ಅದನ್ನು ಮುಟ್ಟಬೇಡಿ.

ಹೊಸ ಡ್ರೈವ್ ಬಗ್ಗೆ ನಾಲ್ಕು ಮಾತು

ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರೋಡ್, ಬೆಂಗಳೂರಿನವರಿಗೆ ಎಸ್‌ಪಿ ರೋಡ್. ನಾನು ಕುರ್ಲಾಕ್ಕೆ ಹೋಗಿ, ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡ್‌ನಲ್ಲಿ ಇಳಿದು ತಂದೆ.

ಮೊದಲನೆಯದು, ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕಿದರೆ ನಂಬಬೇಡಿ. 64 ಜಿಬಿ ಚಿಪ್ ಒಳಗಿಟ್ಟು 2 ಟಿಬಿ ಅಂತ ತೋರಿಸೋ ನಕಲಿ ಡ್ರೈವ್‌ಗಳಿವೆ. ಕಾಪಿ ಆದ ಹಾಗೇ ಕಾಣುತ್ತೆ, ತೆರೆದರೆ ಫೈಲ್ ಕೆಟ್ಟಿರುತ್ತೆ. ಎಚ್‌ಟುಟೆಸ್ಟ್‌ಡಬ್ಲ್ಯೂ ಅಂತ ಉಚಿತ ತಂತ್ರಾಂಶ ಇದೆ, ಪೂರ್ತಿ ಡ್ರೈವ್ ಬರೆದು ಓದಿ ಪರೀಕ್ಷೆ ಮಾಡುತ್ತೆ. ಡ್ರೈವ್ ಖಾಲಿ ಇದ್ದಾಗಲೇ ಮಾಡಿ.

ಎರಡನೆಯದು, ಫಾರ್ಮ್ಯಾಟ್. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲನ್ನೂ ತಗೊಳ್ಳಲ್ಲ. ಡ್ರೈವ್‌ನಲ್ಲಿ 900 ಜಿಬಿ ಖಾಲಿ ಇದ್ದರೂ "ಫೈಲ್ ತುಂಬಾ ದೊಡ್ಡದು" ಅನ್ನುತ್ತೆ. ವಿಂಡೋಸ್ ಗೇಮ್‌ಗೆ ಎನ್‌ಟಿಎಫ್‌ಎಸ್ ಇರಲಿ.

ಮೂರನೆಯದು, ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿ ಮೊದಲ ಕೆಲವು ಹತ್ತು ಜಿಬಿ ಹಾರಿಕೊಂಡು ಬರೆಯುತ್ತೆ, ಆಮೇಲೆ ತೆವಳುತ್ತೆ. ಡ್ರೈವ್ ಕೆಟ್ಟಿಲ್ಲ, ಅದರ ವೇಗದ ಕ್ಯಾಷ್ ತುಂಬಿದೆ ಅಷ್ಟೇ. ಕಾಯಿರಿ.

ನಾಲ್ಕನೆಯದು, ಎಕ್ಸ್‌ಟರ್ನಲ್ ಡ್ರೈವ್ ಆದರೆ ಇವತ್ತು ಇ, ನಾಳೆ ಎಫ್ ಅಂತ ಅಕ್ಷರ ಬದಲಾಗಬಹುದು. ಬದಲಾದರೆ ಲಾಂಚರ್‌ಗೆ ಗೇಮ್ ಸಿಗಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಒಂದು ಅಕ್ಷರ ಗೊತ್ತು ಮಾಡಿಬಿಡಿ.

ಸ್ಟೀಮ್‌ನಲ್ಲಿ

ಇದು ಎಲ್ಲಕ್ಕಿಂತ ಸುಲಭ. ಸ್ಟೀಮ್ ಸೆಟ್ಟಿಂಗ್ಸ್, ಅದರಲ್ಲಿ ಸ್ಟೋರೇಜ್, ಹೊಸ ಡ್ರೈವ್ ಸೇರಿಸಿ. ಆಮೇಲೆ ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ಮೂವ್ ಇನ್‌ಸ್ಟಾಲ್ ಫೋಲ್ಡರ್. ಸಾಮಾನು, ವಿಳಾಸ ಎರಡನ್ನೂ ಅದೇ ನೋಡಿಕೊಳ್ಳುತ್ತೆ.

ಒಳಗೆ ಏನಾಗುತ್ತೆ ಅಂತ ತಿಳಿದುಕೊಂಡರೆ ಕೆಟ್ಟಾಗ ಸರಿಮಾಡಬಹುದು. ಸ್ಟೀಮ್‌ನ ಪ್ರತಿ ಲೈಬ್ರರಿಯಲ್ಲೂ ಸ್ಟೀಮ್‌ಆಪ್ಸ್ ಅನ್ನೋ ಫೋಲ್ಡರ್ ಇದೆ. ಅದರೊಳಗೆ ಕಾಮನ್ ಅನ್ನೋ ಫೋಲ್ಡರ್‌ನಲ್ಲಿ ಗೇಮ್‌ನ ಸಾಮಾನು. ಹೊರಗೆ, ಆಪ್‌ಮ್ಯಾನಿಫೆಸ್ಟ್ ಅಂತ ಶುರುವಾಗಿ, ಗೇಮ್‌ನ ನಂಬರ್ ಇರೋ, ಎಸಿಎಫ್ ಅಂತ ಮುಗಿಯೋ ಚಿಕ್ಕ ಫೈಲ್. ಅಪ್ಪನ ಟ್ರಕ್ ಗೇಮ್‌ನ ನಂಬರ್ 227300. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಕೈಯಾರೆ ಸಾಗಿಸೋದಾದರೆ ಸ್ಟೀಮ್ ಪೂರ್ತಿ ಮುಚ್ಚಿ, ಫೋಲ್ಡರ್ ಜತೆ ಈ ಫೈಲನ್ನೂ ಹೊಸ ಲೈಬ್ರರಿಯ ಸ್ಟೀಮ್‌ಆಪ್ಸ್‌ಗೆ ಕಾಪಿ ಮಾಡಿ. ವರ್ಕ್‌ಶಾಪ್‌ನಿಂದ ಮಾಡ್ ಇಳಿಸಿದ್ದರೆ ಸ್ಟೀಮ್‌ಆಪ್ಸ್‌ನ ಒಳಗೇ ವರ್ಕ್‌ಶಾಪ್ ಅನ್ನೋ ಫೋಲ್ಡರ್ ಇದೆ, ಅದರಲ್ಲೂ ಅದೇ ನಂಬರ್ ಹುಡುಕಿ.

ಎಸಿಎಫ್ ಫೈಲ್ ಕಳೆದುಹೋಯಿತೇ? ಚಿಂತೆ ಇಲ್ಲ. ಗೇಮ್‌ನ ಫೋಲ್ಡರನ್ನು ಹೊಸ ಲೈಬ್ರರಿಯ ಕಾಮನ್ ಒಳಗೆ ಅದೇ ಹೆಸರಲ್ಲಿ ಇಟ್ಟು, ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿ, ಹೊಸ ಡ್ರೈವ್ ಆರಿಸಿ. "ಫೈಲ್‌ಗಳು ಆಗಲೇ ಇವೆಯಲ್ಲ" ಅಂತ ಅದು ಕಂಡುಕೊಂಡು, ಪರೀಕ್ಷೆ ಮಾಡಿ, ಇಲ್ಲದ್ದನ್ನು ಮಾತ್ರ ಇಳಿಸುತ್ತೆ.

ಯಾವ ದಾರಿಯಲ್ಲಿ ಹೋದರೂ ಕೊನೆಗೆ ಅದೇ ಇನ್‌ಸ್ಟಾಲ್ಡ್ ಫೈಲ್ಸ್‌ನಲ್ಲಿ ವೆರಿಫೈ ಅನ್ನೋ ಬಟನ್ ಇದೆ, ಒಂದು ಸಲ ಒತ್ತಿ.

ಬೇರೆ ಲಾಂಚರ್‌ಗಳು

ಎಪಿಕ್‌ನಲ್ಲಿ ವಿಳಾಸದ ಫೈಲ್ ಗೇಮ್ ಪಕ್ಕದಲ್ಲಿ ಇರಲ್ಲ, ಸಿ ಡ್ರೈವ್‌ನ ಪ್ರೋಗ್ರಾಮ್‌ಡೇಟಾ ಒಳಗೆ ಮ್ಯಾನಿಫೆಸ್ಟ್ಸ್ ಫೋಲ್ಡರ್‌ನಲ್ಲಿ ಇರುತ್ತೆ. ಅದಕ್ಕೇ ಫೋಲ್ಡರ್ ಮಾತ್ರ ಎಳೆದುಹಾಕಿದರೆ ಎಪಿಕ್‌ಗೆ ಗೊತ್ತಾಗಲ್ಲ. ನಾನು ಮಾಡೋದು ಹೀಗೆ: ಸೇವ್ ಫೈಲ್‌ಗಳನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ತೀನಿ. ಹಳೆಯ ಫೋಲ್ಡರ್‌ನ ಹೆಸರು ಬದಲಿಸಿ, ಲಾಂಚರ್‌ನಲ್ಲಿ ಅನ್‌ಇನ್‌ಸ್ಟಾಲ್. ಹೊಸ ಡ್ರೈವ್‌ನಲ್ಲಿ ಇನ್‌ಸ್ಟಾಲ್ ಶುರುಮಾಡಿ, ಶೇಕಡಾ ಎರಡು ಮೂರು ಆದಾಗ ನಿಲ್ಲಿಸಿ ಲಾಂಚರ್ ಮುಚ್ಚೋದು. ಹಳೆಯ ಫೈಲ್‌ಗಳನ್ನು ಹೊಸ ಫೋಲ್ಡರ್ ಮೇಲೆ ಕಾಪಿ ಮಾಡೋದು. ಲಾಂಚರ್ ತೆರೆದು ರೆಸ್ಯೂಮ್. ಇರೋದನ್ನು ಪರೀಕ್ಷಿಸಿ ಮುಂದೆ ಹೋಗುತ್ತೆ.

ಎಕ್ಸ್‌ಬಾಕ್ಸ್ ಆಪ್‌ನ ಗೇಮ್ ಆದರೆ ಕೈಯಾರೆ ಏನೂ ಮಾಡಬೇಡಿ. ಆ ಆಪ್‌ನಲ್ಲೇ ಮ್ಯಾನೇಜ್‌ಗೆ ಹೋಗಿ ಡ್ರೈವ್ ಬದಲಿಸಿ. ಜಿಒಜಿ ಗ್ಯಾಲಕ್ಸಿಯಲ್ಲಿ ಫೋಲ್ಡರ್ ಸಾಗಿಸಿ, ಆಮೇಲೆ ಹೊಸ ಜಾಗ ಯಾವುದು ಅಂತ ಅದಕ್ಕೆ ತೋರಿಸಿದರೆ ಆಯಿತು.

ಇನ್ನು ಲಾಂಚರ್ ಇಲ್ಲದ ಹಳೆಯ ಗೇಮ್‌ಗಳು, ಡಿವಿಡಿಯಿಂದ ಹಾಕಿದವು. ಇವುಗಳ ವಿಳಾಸ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಎಲ್ಲೆಲ್ಲೋ ಕೂತಿರುತ್ತೆ. ಇವಕ್ಕೆ ಜಂಕ್ಷನ್ ಅನ್ನೋ ಉಪಾಯ. ಅಂಚೆಯವರಿಗೆ "ಹಳೆಯ ಮನೆಗೆ ಬಂದ ಕಾಗದ ಹೊಸ ಮನೆಗೆ ತಂದುಕೊಡಿ" ಅಂತ ಹೇಳ್ತೀವಲ್ಲ, ಅದೇ. ಫೋಲ್ಡರನ್ನು ಹೊಸ ಡ್ರೈವ್‌ಗೆ ಕಾಪಿ ಮಾಡಿ, ಹಳೆಯದರ ಹೆಸರು ಬದಲಿಸಿ, ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಎಂಕೆಲಿಂಕ್, ಓರೆ ಗೆರೆ ಜೆ, ಮೊದಲು ಹಳೆಯ ವಿಳಾಸ, ಆಮೇಲೆ ಹೊಸ ವಿಳಾಸ. ಗೇಮ್ ಹಳೆಯ ಬಾಗಿಲು ತಟ್ಟುತ್ತೆ, ವಿಂಡೋಸ್ ಅದನ್ನು ಹೊಸ ಮನೆಗೆ ಕರೆದುಕೊಂಡು ಹೋಗುತ್ತೆ. ಜಂಕ್ಷನ್ ಇರೋ ಡ್ರೈವ್ ಎನ್‌ಟಿಎಫ್‌ಎಸ್ ಆಗಿರಬೇಕು, ಅದು ಅದೇ ಕಂಪ್ಯೂಟರ್‌ನ ಡ್ರೈವ್‌ಗೇ ದಾರಿ ತೋರಿಸಬೇಕು.

ನಾನು ಮಾಡಿದ ತಪ್ಪು

ಇಷ್ಟೆಲ್ಲ ನನಗೆ ಆಗಲೂ ಗೊತ್ತಿತ್ತು. ಎರಡೂ ಗೇಮ್‌ಗಳನ್ನು ಸ್ಟೀಮ್‌ನ ಮೂವ್ ಬಟನ್ ಒತ್ತಿ ಡಿ ಡ್ರೈವ್‌ಗೆ ಕಳಿಸಿದೆ. ವೆರಿಫೈ ಮಾಡಿದೆ. ಎಲ್ಲಾ ಸರಿ.

ಆಮೇಲೆ ಅನ್ನಿಸಿತು, ಹೇಗೂ ಗೇಮ್‌ಗಳೆಲ್ಲ ಡಿ ಡ್ರೈವ್‌ಗೆ ಹೋದವು, ವಿಂಡೋಸ್ ಕೂಡ ನಿಧಾನ ಆಗಿದೆ, ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಣ. ಆಫೀಸಿನ ಕಾಗದಪತ್ರ, ಫೋಟೋ ತೆಗೆದಿಟ್ಟುಕೊಂಡೆ. ನನ್ನ ಗೇಮ್‌ನ ಸೇವ್ ಡಾಕ್ಯುಮೆಂಟ್ಸ್‌ನಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅನ್ನೋ ಫೋಲ್ಡರ್‌ನಲ್ಲಿದೆ ಅಂತ ಗೊತ್ತಿತ್ತು, ಅದನ್ನೂ ತೆಗೆದುಕೊಂಡೆ. ಅದರ ಪಕ್ಕದಲ್ಲೇ ಟ್ರಕ್ ಗೇಮ್‌ನ ಫೋಲ್ಡರ್ ಕೂಡ ಇತ್ತು. ತೆರೆದು ನೋಡಿದೆ. ಒಳಗೆ ಪ್ರೊಫೈಲ್ಸ್, ಅದರೊಳಗೆ 41505041 ಅಂತ ಒಂದು ಫೋಲ್ಡರ್. ಹೀಗೆ ಬರೀ ಅಂಕಿ ಇದ್ದರೆ ನಾವು ಎಂಜಿನಿಯರ್‌ಗಳು ಏನಂದುಕೊಳ್ತೀವಿ? ಯಾವುದೋ ಟೆಂಪರರಿ ಫೈಲ್, ಗೇಮ್ ಹೊರಟುಹೋದ ಮೇಲೆ ಉಳಿದ ಕಸ. ಬಿಟ್ಟೆ. ಫಾರ್ಮ್ಯಾಟ್ ಒತ್ತಿದೆ.

ಹೊಸ ವಿಂಡೋಸ್, ಹೊಸ ಸ್ಟೀಮ್. ಡಿ ಡ್ರೈವ್‌ನ ಲೈಬ್ರರಿ ತೋರಿಸಿದೆ, ಎರಡೂ ಗೇಮ್ ಒಂದು ಎಂಬಿ ಇಳಿಸದೆ ಎದ್ದು ನಿಂತವು. ನನಗೆ ಖುಷಿಯೋ ಖುಷಿ. ಮಾರನೇ ದಿನ ಮಧ್ಯಾಹ್ನ ಆಫೀಸಿಗೆ ಅಪ್ಪನ ಫೋನ್.

"ತಮ್ಮಾ, ಇದು ನನ್ನ ಹೆಸರು ಕೇಳಾಕತ್ತೇತಿ. ನಾ ಯಾರಂತ ಇದಕ್ಕ ಗೊತ್ತಿಲ್ಲೇನು?"

ಹೊಸ ಪ್ರೊಫೈಲ್ ಮಾಡಿ ಅಂತ ಕೇಳುತ್ತಿತ್ತು. ಆ ಗೇಮ್‌ನಲ್ಲಿ ಪ್ರೊಫೈಲ್‌ನ ಫೋಲ್ಡರ್‌ಗೆ ಹೆಸರು ಇಡೋದು ಹೇಗೆ ಅಂತ ಸಂಜೆ ಬಂದು ನೋಡಿದ ಮೇಲೆ ಗೊತ್ತಾಯಿತು. ನೀವು ಕೊಟ್ಟ ಹೆಸರಿನ ಒಂದೊಂದು ಅಕ್ಷರವನ್ನೂ ಹೆಕ್ಸ್ ಸಂಕೇತಕ್ಕೆ ತಿರುಗಿಸುತ್ತೆ. ಇಂಗ್ಲಿಷಿನ ದೊಡ್ಡಕ್ಷರ ಎ ಅಂದರೆ 41, ಪಿ ಅಂದರೆ 50. 41, 50, 50, 41. ಎ, ಪಿ, ಪಿ, ಎ. ಎರಡು ವರ್ಷದ ಹಿಂದೆ ಮೊದಲ ದಿನ ಆ ಹೆಸರು ಟೈಪ್ ಮಾಡಿಕೊಟ್ಟವನು ನಾನೇ. ಆಸ್ಕಿ ಕೋಡ್ ನನಗೆ ಬಾಯಿಪಾಠ. ಕಣ್ಣೆದುರು "ಅಪ್ಪ" ಅಂತ ಬರೆದಿದ್ದನ್ನು ಓದಲಿಲ್ಲ.

"ಸ್ಟೀಮ್ ಕ್ಲೌಡ್ ಇರಲಿಲ್ವಾ?" ಅಂತ ಕೇಳ್ತೀರಿ. ಈ ಗೇಮ್‌ನಲ್ಲಿ ಪ್ರೊಫೈಲ್ ಮಾಡುವಾಗ ಕ್ಲೌಡ್ ಬೇಕಾ ಅಂತ ಒಂದು ಟಿಕ್ ಇದೆ. ನಾನು ಹಾಕಿರಲಿಲ್ಲ. ಕೆಲವು ಗೇಮ್‌ಗಳಿಗೆ ಕ್ಲೌಡ್ ಸೌಲಭ್ಯವೇ ಇಲ್ಲ, ಕೆಲವು ಸೇವ್ ಮಾತ್ರ ಕಳಿಸುತ್ತವೆ, ಮಾಡ್ ಕಳಿಸಲ್ಲ. ಇದೆ ಅಂತ ನಂಬೋ ಮುಂಚೆ ತೆರೆದು ನೋಡಿ.

ರಿಕವರಿ ತಂತ್ರಾಂಶ ಹಾಕಿ ನೋಡಿದೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಾಗಿದ್ದರೆ ಸ್ವಲ್ಪ ಆಸೆ ಇರುತ್ತಿತ್ತು, ಅಳಿಸಿದ ಡೇಟಾ ಅದರ ಮೇಲೆ ಬೇರೇನಾದರೂ ಬರೆಯೋವರೆಗೂ ಅಲ್ಲೇ ಇರುತ್ತೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಇದೆ. ವಿಂಡೋಸ್ "ಈ ಜಾಗ ಇನ್ನು ಬೇಡ" ಅಂತ ಡ್ರೈವ್‌ಗೆ ಹೇಳಿಬಿಡುತ್ತೆ, ಡ್ರೈವ್ ತನ್ನ ಬಿಡುವಿನಲ್ಲಿ ಅದನ್ನು ಗುಡಿಸಿಹಾಕುತ್ತೆ. ಅದರ ಮೇಲೆ ಹೊಸ ವಿಂಡೋಸ್ ಬೇರೆ ಕೂತಿತ್ತು. ಏನೂ ಸಿಗಲಿಲ್ಲ.

ಅಪ್ಪನಿಗೆ ಹೇಳಬೇಕಾಯಿತು. "ಅಪ್ಪಾ, ತಪ್ಪು ನಂದೇ. ನಿಮ್ಮ ಗ್ಯಾರೇಜು, ಲಾರಿ, ಡ್ರೈವರ್ ಎಲ್ಲಾ ಹೋದವು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರ ಸರ್ವಿಸ್ ಬುಕ್ಕೇ ಕಳದಿ ಅನ್ನು" ಅಂದರು. ಆಮೇಲೆ ಚಹಾ ಕುಡಿದು, "ಅದಕ್ಕೊಂದು ಝೆರಾಕ್ಸ್ ತಗದ ಇಡಾಕ ಬರ್ತಿರಲಿಲ್ಲೇನು?" ಅಂತ ಕೇಳಿದರು.

ಬರ್ತಿತ್ತು. ಕೆಲವೇ ಎಂಬಿ. ಹತ್ತು ಸೆಕೆಂಡ್ ಕೆಲಸ. 150 ಜಿಬಿ ಜೋಪಾನ ಮಾಡೋದರಲ್ಲಿ ನನಗೆ ಅದು ಕಾಣಿಸಲೇ ಇಲ್ಲ.

ಸೇವ್ ಫೈಲ್ ಎಲ್ಲೆಲ್ಲಿ ಇರಬಹುದು

ಮೊದಲು ಡಾಕ್ಯುಮೆಂಟ್ಸ್, ಅದರೊಳಗೆ ಮೈ ಗೇಮ್ಸ್. ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಸೇವ್ಡ್ ಗೇಮ್ಸ್. ಆಮೇಲೆ ಆಪ್‌ಡೇಟಾ. ಇದು ಮುಚ್ಚಿಟ್ಟ ಫೋಲ್ಡರ್, ಹಿಡನ್ ಐಟಮ್ಸ್ ಆನ್ ಮಾಡಿದರೆ ಮಾತ್ರ ಕಾಣುತ್ತೆ. ಅದರಲ್ಲಿ ಲೋಕಲ್, ಲೋಕಲ್‌ಲೋ, ರೋಮಿಂಗ್ ಅಂತ ಮೂರು. ಮನೆಯಲ್ಲಿ ಮಕ್ಕಳು ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಆಡ್ತಾರೆ ಅಂದರೆ ಅವರು ಕಟ್ಟಿದ ಲೋಕವೆಲ್ಲ ಈ ರೋಮಿಂಗ್ ಒಳಗಿನ ಮೈನ್‌ಕ್ರಾಫ್ಟ್ ಫೋಲ್ಡರ್‌ನ ಸೇವ್ಸ್‌ನಲ್ಲಿದೆ. ದಯವಿಟ್ಟು ಇವತ್ತೇ ಒಂದು ಪ್ರತಿ ತೆಗೆದಿಡಿ. ಸ್ಟೀಮ್‌ನ ಮೂಲ ಫೋಲ್ಡರ್‌ನಲ್ಲಿ ಯೂಸರ್‌ಡೇಟಾ ಅಂತ ಇನ್ನೊಂದು. ಕೆಲವು ಹಳೆಯ ಗೇಮ್‌ಗಳು ಗೇಮ್‌ನ ಫೋಲ್ಡರ್‌ನಲ್ಲೇ ಸೇವ್ ಇಡ್ತವೆ. ಅಂಥವನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಸೇವ್ ಕೂಡ ಹೋಗಬಹುದು. ನಿಮ್ಮ ಕಂಪ್ಯೂಟರ್‌ನಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್ ಒಳಗೆ ಹೋಗಿ ಕೂತಿದೆಯೇ ಅಂತಲೂ ನೋಡಿ.

ಗೊತ್ತಾಗದಿದ್ದರೆ ಪಿಸಿ ಗೇಮಿಂಗ್ ವಿಕಿ ಅನ್ನೋ ತಾಣದಲ್ಲಿ ಗೇಮ್‌ನ ಹೆಸರು ಹಾಕಿ, ಸೇವ್ ಎಲ್ಲಿರುತ್ತೆ ಅಂತ ಬರೆದಿರ್ತಾರೆ. ಇನ್ನೂ ಸುಲಭದ ದಾರಿ: ಗೇಮ್ ಆಡಿ, ಸೇವ್ ಮಾಡಿ, ಹೊರಗೆ ಬಂದು, ಈ ಜಾಗಗಳಲ್ಲಿ ಈಗಷ್ಟೇ ಬದಲಾದ ಫೈಲ್ ಯಾವುದು ಅಂತ ತಾರೀಕು ನೋಡಿ ಹುಡುಕಿ.

ಒಟ್ಟಿನಲ್ಲಿ ಕ್ರಮ ಇಷ್ಟು

1. ಮೊದಲು ಸೇವ್ ಮತ್ತು ಮಾಡ್ ಹುಡುಕಿ, ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಪ್ರತಿ ತೆಗೆಯಿರಿ. ಮನೆಯಲ್ಲಿ ಬೇರೆ ಯಾರೆಲ್ಲ ಆ ಕಂಪ್ಯೂಟರ್ ಮುಟ್ಟುತ್ತಾರೋ ಎಲ್ಲರನ್ನೂ ಕೇಳಿ.
2. ಹೊಸ ಡ್ರೈವ್ ಪರೀಕ್ಷಿಸಿ, ಎನ್‌ಟಿಎಫ್‌ಎಸ್ ಮಾಡಿ, ಅಕ್ಷರ ಗೊತ್ತು ಮಾಡಿ.
3. ಲಾಂಚರ್‌ನಲ್ಲಿ ಮೂವ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕಾಪಿ ಮಾಡಿ, ಕಟ್ ಬೇಡ.
4. ವೆರಿಫೈ ಮಾಡಿ.
5. ಗೇಮ್ ತೆರೆದು, ನಿಮ್ಮ ಹಳೆಯ ಸೇವ್ ಲೋಡ್ ಮಾಡಿ, ಹತ್ತು ನಿಮಿಷ ಆಡಿ. ಬರೀ ಮೆನು ಬಂತು ಅಂತ ನಂಬಬೇಡಿ.
6. ಕೈಯಾರೆ ಕಾಪಿ ಮಾಡಿದ್ದರೆ ಹಳೆಯದನ್ನು ಒಂದು ವಾರ ಬಿಟ್ಟು ಅಳಿಸಿ. ಫಾರ್ಮ್ಯಾಟ್ ಮಾಡೋ ಯೋಚನೆ ಇದ್ದರೂ ಅದೇ ಒಂದು ವಾರ ತಡೆಯಿರಿ.

ಆಫೀಸಿನಲ್ಲಿ ನಾವು ಹಳೆಯ ಸರ್ವರ್‌ಗೆ ಇದೇ ನಿಯಮ ಪಾಲಿಸ್ತೀವಿ. ಹೊಸದರಲ್ಲಿ ಬಳಕೆದಾರರು ಕೆಲಸ ಮಾಡಿ "ಸರಿಯಿದೆ" ಅನ್ನೋವರೆಗೂ ಹಳೆಯದನ್ನು ಯಾರೂ ಮುಟ್ಟಲ್ಲ. ಮನೆಯಲ್ಲಿ ಬಳಕೆದಾರರು ಅಪ್ಪ. ಅವರನ್ನು ನಾನು ಕೇಳಲೇ ಇಲ್ಲ.

ಅಪ್ಪ ಈಗ ಮತ್ತೆ ಶುರುಮಾಡಿದ್ದಾರೆ. ಈ ಸಲ ಆಫೀಸ್ ಮ್ಯಾಂಚೆಸ್ಟರ್‌ನಲ್ಲಿ. ಸಾಲದ ಲಾರಿ ಇನ್ನೂ ಬಂದಿಲ್ಲ, ಬೇರೆಯವರ ಲಾರಿ ಓಡಿಸ್ತಿದ್ದಾರೆ. "ಪ್ರೊಬೇಷನ್ ನಡದೇತಿ" ಅಂತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದು ನನ್ನ ಹತ್ತಿರ ಬರ್ತಾರೆ, ಝೆರಾಕ್ಸ್ ತೆಗೆಸೋಕೆ. 41505041 ಫೋಲ್ಡರನ್ನು ಕಾಪಿ ಮಾಡಿಕೊಡ್ತೀನಿ. ಆದಮೇಲೆ ಪೆನ್‌ಡ್ರೈವ್ ತೆರೆದು ಆ ಅಂಕಿ ಬಂದಿದೆಯೇ ಅಂತ ಅವರೇ ಕನ್ನಡಕ ಹಾಕಿಕೊಂಡು ನೋಡ್ತಾರೆ.

ನಿಮ್ಮ ಮನೆಯ ಕಂಪ್ಯೂಟರ್‌ನಲ್ಲೂ ಹೀಗೆ ಯಾರದೋ ಹೆಸರಿನ ಫೋಲ್ಡರ್ ಇರಬಹುದು. ಈ ಮಾತು ಮುಗಿಸಿದ ಕೂಡಲೇ ಒಂದು ಸಲ ಹುಡುಕಿ ನೋಡಿ.